ಕೊನೆಯ ಬಸ್ಸಿನ ಊರು

೯ ಜೂನ್

ನನ್ನ ನಕ್ಷೆರಾಯನಿಗೆ,

ಇನ್ನು ಮೇಲೆ ಪತ್ರವೇ ಸರಿ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತೇವೆ, ಹಿಂದೆ ಸಾಲಿನಲ್ಲಿ ನಿಂತ ಹಾಸ್ಟೆಲಿನ ಹುಡುಗಿಯರು ಗಡಿಯಾರ ನೋಡಿಕೊಳ್ಳುತ್ತಾರೆ, ಕೊನೆಗೆ ಯಾರು ಮೊದಲು ಸಿಟ್ಟು ಮಾಡಿಕೊಂಡರು ಎನ್ನುವುದೇ ಮರೆತುಹೋಗುತ್ತದೆ. ಪತ್ರದಲ್ಲಾದರೆ ಜಗಳ ತಲುಪುವ ಹೊತ್ತಿಗೆ ಆರಿ ತಣ್ಣಗಾಗಿರುತ್ತದೆ.

ನಮ್ಮೂರಿನ ಬಗ್ಗೆ ವರದಿಯಲ್ಲಿ ಏನಿರುತ್ತದೆ ಎಂದು ನೀನು ಕೇಳಿದ್ದಕ್ಕೆ ಉತ್ತರ: ಹೇಳಲು ಆಗುವುದಿಲ್ಲ. ನಮ್ಮೂರು, ನದಿಯಾಚೆಯ ಊರು, ಜಂಕ್ಷನ್ ಊರು, ಕಣಿವೆಯ ಈ ಮೂರರಲ್ಲಿ ಒಂದಕ್ಕೆ ಮಾತ್ರ ಕೆಲಸ ಕಳೆದುಕೊಂಡವರ ತರಬೇತಿ ಕೇಂದ್ರ. ಯಾವ ಊರಿಗೆ ಎಂದು ಪ್ರಾದೇಶಿಕ ಮಂಡಳಿ ತೀರ್ಮಾನಿಸುವುದು ವಿಶ್ವವಿದ್ಯಾಲಯದ ನಮ್ಮ ವಿಭಾಗದ ವರದಿ ನೋಡಿಕೊಂಡು. ನನ್ನ ಗಂಡ ಅದರಲ್ಲೊಂದು ಊರಿನ ಪುರಸಭೆಯಲ್ಲಿ ಯೋಜನಾಧಿಕಾರಿ ಅಂತ ನಾನೇ ಮೇಷ್ಟ್ರಿಗೆ ಮೊದಲ ದಿನವೇ ಹೇಳಿದ್ದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ನೋಡಮ್ಮಾ, ವರದಿ ಬರೆಯೋರಿಗೆ ಊರು ಇರಬಾರದು ಅಂತಲ್ಲ. ವರದಿಯಲ್ಲಿ ಅದು ಕಾಣಬಾರದು, ಅಷ್ಟೇ. ನಿಮ್ಮೂರಿನ ಸಮೀಕ್ಷೆಗೆ ಬೇರೆಯವರು ಹೋಗ್ತಾರೆ. ಮಂಡಳಿಗೆ ಒಪ್ಪಿಸೋ ತನಕ ಮನೇಲೂ ಒಂದಕ್ಷರ ಬಾಯಿ ಬಿಡಕೂಡದು."

ಹಾಗಾಗಿ ಬಾಯಿ ಬಿಡುವುದಿಲ್ಲ. ಉಳಿದದ್ದೆಲ್ಲ ಬರೆಯುತ್ತೇನೆ. ನನ್ನ ಕೋಣೆ ಮೂರನೆಯ ಮಹಡಿ. ಒಂದು ಕಬ್ಬಿಣದ ಮಂಚ, ಒಂದು ಮೇಜು, ಗೋಡೆಯೊಳಗೆ ಹಾದುಹೋಗುವ ನೀರಿನ ಕೊಳವೆ. ಯಾರಾದರೂ ಮೇಲೆ ನಲ್ಲಿ ತಿರುಗಿಸಿದರೆ ಗೋಡೆ ಗಂಟಲು ಸರಿಮಾಡಿಕೊಳ್ಳುತ್ತದೆ. ಮೊದಮೊದಲು ನೀನೇ ಎದ್ದು ಕೆಮ್ಮಿದ ಹಾಗೆ ಅನ್ನಿಸಿ ಆ ಕಡೆ ತಿರುಗುತ್ತಿದ್ದೆ. ಈಗಲೂ ತಿರುಗುತ್ತೇನೆ, ಆದರೆ ಗೊತ್ತಿದ್ದೂ ತಿರುಗುತ್ತೇನೆ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನವಳು


೨೦ ಜೂನ್

ಪ್ರೀತಿಯ ಸಮೀಕ್ಷೆಯಮ್ಮನಿಗೆ,

ಆಯಿತು ತಾಯಿ, ಕೇಳುವುದಿಲ್ಲ. ನಾನು ಕೇಳಬಾರದು ಅಂದರು, ಹೇಳಬಾರದು ಅಂತ ಯಾವ ಮೇಷ್ಟ್ರೂ ಅಂದಿಲ್ಲವಲ್ಲ.

ಬೂಟಿನ ಕಾರ್ಖಾನೆಯ ಬೀಗ ತೆಗೆಸಿದೆ. ಮುಚ್ಚಿ ಇಷ್ಟು ಕಾಲವಾದರೂ ಒಳಗೆ ಕಾಲಿಟ್ಟರೆ ಅಂಟಿನ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೇಲ್ಛಾವಣಿ ತುಂಬ ಪಾರಿವಾಳ. ಅಕ್ಕನಿಗೆ ನಿನ್ನ ನಮಸ್ಕಾರ ಹೇಳಿದೆ, ತಾನೂ ಬರುತ್ತೇನೆಂದು ಹಟ ಹಿಡಿದಳು. ಇಡೀ ಯೌವನ ಅಲ್ಲೇ ಚರ್ಮ ಹೊಲಿದವಳು, ಬೇಡ ಅನ್ನುವುದು ಹೇಗೆ? ಗೋಡೆಯುದ್ದಕ್ಕೂ ಮೇಲಂಗಿ ತಗುಲಿಸುವ ಕೊಕ್ಕೆಗಳ ಸಾಲು ಹಾಗೇ ಇದೆ. ತನ್ನ ಕೊಕ್ಕೆ ಹುಡುಕಿ ಹಿಡಿದು ಜಗ್ಗಿ ನೋಡಿದಳು. "ಇನ್ನೂ ಗಟ್ಟಿಯಾಗಿದೆ ಕಣೋ. ನನಗಿಂತ ಗಟ್ಟಿ" ಅಂದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು, "ಈ ವಯಸ್ಸಲ್ಲಿ ನನ್ನಂಥೋರಿಗೂ ಹೊಸ ಕೆಲಸ ಕಲಿಸ್ತಾರಾ, ಇಲ್ಲ ಬರೀ ಹುಡುಗರಿಗಾ?" ಮನೆಯಲ್ಲಿ ಜನರ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಾಳೆ. ದಪ್ಪ ಚರ್ಮ ಹಿಡಿದ ಕೈಗೆ ತೆಳು ಬಟ್ಟೆ ಸಿಕ್ಕುವುದೇ ಇಲ್ಲವಂತೆ, ಜಾರಿ ಹೋಗುತ್ತದಂತೆ.

ನಾನು ಅಳತೆ ಮಾಡಿ ನಕ್ಷೆ ಬರೆದಿದ್ದೇನೆ. ಕೆಳಗೆ ಯಂತ್ರಗಳು, ಮೇಲೆ ತರಗತಿಗಳು. ಮೇಲಿನ ಪೂರ್ವದ ಮೂಲೆಯ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ, ಅದನ್ನು ಪಾಠ ಮಾಡುವವರಿಗೆ ಇಟ್ಟಿದ್ದೇನೆ. ಕಿಟಕಿಯ ಪಕ್ಕ ಪುಸ್ತಕಕ್ಕೆ ಕಪಾಟು. ಕಪಾಟಿನ ಎತ್ತರ ಎಷ್ಟಿರಬೇಕೆಂದು ಬಡಗಿ ಕೇಳಿದ. ನನ್ನ ಭುಜದ ಹತ್ತಿರ ಕೈ ಹಿಡಿದು, "ಇಷ್ಟು ಎತ್ತರದವರ ಕೈಗೆ ಎಟುಕಬೇಕು" ಅಂದೆ. ಅವನು ನಕ್ಕ. ಯಾಕೆ ನಕ್ಕನೋ.

ಪುರಸಭೆಯ ಅಧ್ಯಕ್ಷರು ದಿನಾ ಬಂದು ಮೇಜು ತಟ್ಟಿ ಹೋಗುತ್ತಾರೆ. "ಕೇಂದ್ರ ನಮಗೇ ಬರಬೇಕು ಕಣ್ರೀ, ನಿಮ್ಮ ಮನೆಯವರು ಅಲ್ಲೇ ಇದ್ದಾರಲ್ಲ!" ನಾನು ಮಾತು ಮರೆಸಿ ಟೀ ತರಿಸುತ್ತೇನೆ.

ನೀನು ಬಂದ ಮೇಲೆ ತೋರಿಸುವುದು ಬಹಳ ಇದೆ.

ನಿನ್ನವನು


೧೪ ಜುಲೈ

ನಕ್ಷೆರಾಯನಿಗೆ,

ತಡವಾಯಿತು. ನಮ್ಮ ತಂಡದವರೆಲ್ಲ ಬಿಸಿಲಲ್ಲಿ ನಿಂತು ನಿಂತು ಬೆಂದಿದ್ದೇವೆ. ಬಸ್ ನಿಲ್ದಾಣದಲ್ಲಿ ಜನರನ್ನು ತಡೆದು ಪ್ರಶ್ನೆ ಕೇಳುವುದು ಎಂದರೆ ಏನೆಂದುಕೊಂಡೆ? ಅರ್ಧ ಜನ ನಮ್ಮನ್ನು ಟಿಕೆಟ್ ತಪಾಸಣೆಯವರೆಂದು ತಿಳಿದು ಓಡುತ್ತಾರೆ. ಉಳಿದರ್ಧ ನಮಗೇ ಕೆಲಸ ಕೊಡಿಸಿ ಎನ್ನುತ್ತಾರೆ.

ನದಿಯಾಚೆಯ ಊರಿನಲ್ಲಿ ಒಬ್ಬಾಕೆ, ಮೊದಲು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳಂತೆ. ಏನು ಕಲಿಯಲು ಇಷ್ಟ, ಎಷ್ಟು ದೂರ ಹೋಗಬಲ್ಲಿರಿ ಎಂದೆಲ್ಲ ಕೇಳಿದೆ. ತಾಳ್ಮೆಯಿಂದ ಉತ್ತರ ಕೊಟ್ಟು ಕೊನೆಗೆ ತಾನೇ ಕೇಳಿದಳು: "ಹೋಗೋದು ಹೆಂಗಾದ್ರೂ ಹೋಗ್ತೀನಮ್ಮ. ಸಂಜೆ ವಾಪಸ್ ಹೆಂಗೆ ಬರ್ಲಿ? ಮಕ್ಕಳು ಬಾಗಿಲಲ್ಲೇ ಕೂತಿರ್ತಾವೆ." ಅದನ್ನು ಬರೆದುಕೊಳ್ಳುವುದಕ್ಕೆ ನಮ್ಮ ಪ್ರಶ್ನಾವಳಿಯಲ್ಲಿ ಜಾಗವೇ ಇರಲಿಲ್ಲ. ಮೇಷ್ಟ್ರಿಗೆ ಹೇಳಿ ಹೊಸ ಪ್ರಶ್ನೆ ಸೇರಿಸಿದೆವು.

ಕಾರ್ಖಾನೆಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಕಪಾಟಿನ ಬಗ್ಗೆ ಬರೆದದ್ದನ್ನು ಇನ್ನೂ ಹೆಚ್ಚು ಸಲ. ದಯವಿಟ್ಟು ಈಗಲೇ ಮರ ಕೊಯ್ಯಿಸಬೇಡ. ಅವಸರವೇನಿದೆ?

ಇಲ್ಲಿ ಎಲ್ಲ ಸರಿಯಾಗಿದೆ. ಊಟ ಸಪ್ಪೆ, ನಿದ್ದೆ ಪರವಾಗಿಲ್ಲ.

ನಿನ್ನವಳು


೩೦ ಜುಲೈ

ನಿನಗೆ,

ನಮ್ಮ ಆಫೀಸಿನ ಟೈಪಿಸ್ಟ್ ಹೇಳಿದಳು, ತಿಂಗಳ ಮೊದಲ ವಾರದಲ್ಲಿ ನಿನ್ನನ್ನು ಜಂಕ್ಷನ್ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ನೋಡಿದಳಂತೆ. "ಮೇಡಮ್ಮು ಬಿಸಿಲಿಗೆ ಕಪ್ಪಾಗಿದ್ದಾರೆ ಸಾರ್, ನಾಲ್ಕು ದಿನ ಅಲ್ಲೇ ಇದ್ರಂತೆ. ಮನೆಗೆ ಬಂದಿದ್ರಲ್ಲ?" ಅಂದಳು.

"ಹೂಂ, ಬಂದಿದ್ಲು" ಅಂದೆ.

ಜಂಕ್ಷನ್ನಿನಿಂದ ನಮ್ಮ ಮನೆ ಬಾಗಿಲಿಗೆ ಒಂದು ಗಂಟೆಯೂ ಇಲ್ಲ. ನಾನು ಊಟ ಮಾಡಿ, ಕೈತೊಳೆದು, ಮಂಚದ ಆ ಕಡೆಯ ನಿನ್ನ ಪಾಲನ್ನು ಖಾಲಿ ಬಿಟ್ಟು ಮಲಗುವಾಗ ನೀನು ಅಲ್ಲಿದ್ದೆ. ಬರಲಿಲ್ಲ, ಅದು ಇರಲಿ. ಪತ್ರದಲ್ಲಿ ಒಂದು ಸಾಲೂ ಬರೆಯಲಿಲ್ಲವಲ್ಲ.

ಅಕ್ಕನಿಗೆ ಹೇಳಿಲ್ಲ.


೮ ಆಗಸ್ಟ್

ನಿನಗೆ,

ಬಂದಿದ್ದೆ. ನಿಜ. ಮುಚ್ಚಿಟ್ಟದ್ದೂ ನಿಜ.

ಕೊನೆಯ ದಿನ ನಮ್ಮೂರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಹತ್ತಿರ ಬರುವ ಮೊದಲೇ ಇಳಿದುಬಿಟ್ಟೆ. ಬಸ್ಸು ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಯಾಕೆ ಇಳಿದೆ ಎಂದು ನಿನಗೆ ಈಗ ಹೇಳಲಾರೆ. ಹೇಳದಿರುವುದೇ ಸರಿ ಎಂದು ಮಾತ್ರ ಹೇಳಬಲ್ಲೆ. ಇದನ್ನು ನೀನು ನಂಬಬೇಕು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನವಳು


೨ ಸೆಪ್ಟೆಂಬರ್

ಮಾನ್ಯ ಸಂಶೋಧಕರಿಗೆ,

ಉದ್ದೇಶಿತ ತರಬೇತಿ ಕೇಂದ್ರದ ಕುರಿತು ತಮ್ಮ ವಿಭಾಗವು ಸಂಗ್ರಹಿಸಿರುವ ಮಾಹಿತಿಯ ಪ್ರಾಥಮಿಕ ಪ್ರತಿಯನ್ನು ಈ ಪುರಸಭೆಗೆ ಒದಗಿಸಬೇಕೆಂದು ಅಧ್ಯಕ್ಷರ ಸೂಚನೆಯ ಮೇರೆಗೆ ಕೋರಲಾಗಿದೆ. ಈ ಪುರಸಭೆಯು ಕಟ್ಟಡವನ್ನು ಸಿದ್ಧಪಡಿಸಿಕೊಂಡಿರುವುದನ್ನು ತಮ್ಮ ಗಮನಕ್ಕೆ ತರಲಾಗಿದೆ.

ತಮ್ಮ ವಿಶ್ವಾಸಿ,
ಯೋಜನಾಧಿಕಾರಿ


೧೦ ಸೆಪ್ಟೆಂಬರ್

ಮಾನ್ಯ ಯೋಜನಾಧಿಕಾರಿಗಳಿಗೆ,

ತಮ್ಮ ಪತ್ರ ತಲುಪಿದೆ. ವರದಿಯನ್ನು ಮಂಡಳಿಗೆ ಒಪ್ಪಿಸುವ ಮುನ್ನ ಯಾವುದೇ ಪುರಸಭೆಗೆ ಮಾಹಿತಿ ಒದಗಿಸಲು ಅವಕಾಶವಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.

ಮೇಲಿನದು ಕಚೇರಿಗೆ. ಇದು ನಿನಗೆ: ನನಗೆ ಹೀಗೆಲ್ಲ ಬರೆಯಬೇಡವೋ. "ತಮ್ಮ" ಅನ್ನುವುದನ್ನು ಓದಿ, ಸಹಿ ನಿನ್ನದೇ ಏನೆಂದು ತಿರುಗಿ ನೋಡಿದೆ. ಬೈಯುವುದಿದ್ದರೆ ನೀನು-ನಾನು ಎಂದೇ ಬೈ.


೨೧ ನವೆಂಬರ್

ನನ್ನವನೇ,

ನಿನ್ನಿಂದ ಒಂದಕ್ಷರವಿಲ್ಲ. ಎಷ್ಟೋ ಸಲ ಫೋನಿನ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಹಿಂದಿನವಳಿಗೆ ಬಿಟ್ಟುಕೊಟ್ಟು ಬಂದಿದ್ದೇನೆ.

ಇವತ್ತು ಬೆಳಿಗ್ಗೆ ವರದಿ ಮಂಡಳಿಗೆ ಹೋಯಿತು. ನಾಲ್ಕೈದು ದಿನದಲ್ಲಿ ಅದರ ಪ್ರತಿ ನಿನ್ನ ಮೇಜಿಗೆ ಬರುತ್ತದೆ. ಅದಕ್ಕಿಂತ ಮೊದಲು ಈ ಪತ್ರ ತಲುಪಲಿ ಎಂದು ನೇರವಾಗಿ ಅಂಚೆ ಕಚೇರಿಗೆ ಬಂದು, ಇಲ್ಲಿನ ಕಟ್ಟೆಯ ಮೇಲೇ ಕೂತು ಬರೆಯುತ್ತಿದ್ದೇನೆ.

ಕೇಂದ್ರ ಜಂಕ್ಷನ್ ಊರಿಗೆ ಹೋಗಬೇಕೆಂದು ಬರೆದಿದ್ದೇವೆ. ನಮ್ಮೂರಿಗಲ್ಲ.

ನಮ್ಮೂರು ದಾರಿಯ ಕೊನೆ. ಬೆಳಿಗ್ಗೆ ಎಲ್ಲೆಡೆಯಿಂದ ಬರಬಹುದು, ಸಂಜೆ ಪಾಠ ಮುಗಿಯುವ ಮೊದಲೇ ಕೊನೆಯ ಬಸ್ಸು ಹೊರಟುಹೋಗುವುದರಿಂದ ಯಾರೂ ವಾಪಸಾಗಲಾರರು. ಕಟ್ಟಡ ಎಷ್ಟೇ ಚೆನ್ನಾಗಿರಲಿ, ನದಿಯಾಚೆಯ ಆ ನೂಲಿನಾಕೆಗೆ, ಅವಳಂಥ ನೂರಾರು ಜನಕ್ಕೆ ಅದರ ಬಾಗಿಲು ಮುಚ್ಚಿದಂತೆಯೇ. ಜಂಕ್ಷನ್ನಿಗಾದರೆ ಮೂರೂ ಊರಿನವರು ಹೋಗಿ ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು. ಇದು ಜುಲೈಯಲ್ಲೇ, ಆ ಸ್ಟೇಷನ್ನಿನಲ್ಲಿ ನಿಂತಾಗಲೇ ನನಗೆ ಕಾಣತೊಡಗಿತ್ತು. ಅದಕ್ಕೇ ಬಸ್ಸಿನಿಂದ ಇಳಿದೆ. ಮನೆಗೆ ಬಂದಿದ್ದರೆ ನೀನು ನಕ್ಷೆ ಬಿಚ್ಚಿ ತೋರಿಸುತ್ತಿದ್ದೆ. ನಾನು ತುಟಿ ಬಿಚ್ಚದಿದ್ದರೂ ನನ್ನ ಮುಖ ನೋಡಿದ ಕ್ಷಣ ನಿನಗೆ ಎಲ್ಲ ತಿಳಿಯುತ್ತಿತ್ತು.

ಮೇಷ್ಟ್ರು ಹೇಳಿದರು, "ಬೇಕಾದ್ರೆ ಈ ಅಧ್ಯಾಯದಿಂದ ನಿಮ್ಮ ಹೆಸರು ತೆಗೆಯೋಣ. ನಿಮ್ಮೋರಿಗೆ ಅಲ್ಲಿ ಕಷ್ಟ ಆಗುತ್ತೆ." ಒಂದು ದಿನ ಯೋಚಿಸಿದೆ. ನನ್ನ ಅಂಕಿಗಳನ್ನು ಬೇರೆ ಇಬ್ಬರು ತಿರುಗಿ ನೋಡಿ ಅಲ್ಲಿಗೇ ಬಂದು ನಿಂತಿದ್ದರು. ನಿಜ ಅಂತ ಗೊತ್ತಿದ್ದ ಮೇಲೆ ಹೆಸರು ಅಡಗಿಸಿ ಅತ್ತಿಗೆಯ ಮುಖ ಹೇಗೆ ನೋಡಲಿ? ಹೆಸರು ಇದೆ.

ಇನ್ನೊಂದು ವಿಷಯ. ಪೂರ್ವದ ಕೋಣೆಯಲ್ಲಿ ಪಾಠ ಮಾಡುವವರು ಯಾರೆಂದು ನೀನು ಬರೆಯಲಿಲ್ಲ, ನಾನೂ ಕೇಳಲಿಲ್ಲ. ಕೇಂದ್ರ ನಮ್ಮೂರಿಗೇ ಬಂದಿದ್ದರೂ ನಾನು ಅಲ್ಲಿ ಕೆಲಸಕ್ಕೆ ಸೇರುವಂತಿರಲಿಲ್ಲ. ವರದಿ ಬರೆದವರು ಅದರಿಂದ ಹುಟ್ಟಿದ ಹುದ್ದೆಗೆ ಅರ್ಜಿ ಹಾಕಕೂಡದು ಎಂಬುದು ವಿಶ್ವವಿದ್ಯಾಲಯದ ನಿಯಮ. ಇದನ್ನಾದರೂ ಹೇಳಬಹುದಿತ್ತು, ನಿಯಮ ಗುಟ್ಟೇನಲ್ಲ. ಹೇಳಲು ಮನಸ್ಸು ಬರಲಿಲ್ಲ. ನೀನು ಆ ಕಪಾಟಿನ ಅಳತೆ ತೆಗೆದುಕೊಂಡಿದ್ದೆಯಲ್ಲ, ಆ ಖುಷಿ ಸ್ವಲ್ಪ ದಿನ ಇರಲಿ ಅನ್ನಿಸಿತು. ನಿನ್ನದೂ, ನನ್ನದೂ.

ಈಗ ಬೈ.

ನಿನ್ನವಳು


೧೨ ಡಿಸೆಂಬರ್

ಪ್ರೀತಿಯ ಸಮೀಕ್ಷೆಯಮ್ಮನಿಗೆ,

ಪತ್ರ ಬಂದ ದಿನ ಬೈದೆ. ನಿನಗೆ ಕೇಳಿಸಲಿಲ್ಲ, ಪಾರಿವಾಳಗಳಿಗೆ ಕೇಳಿಸಿತು. ಕಾರ್ಖಾನೆಯ ನಡುವೆ ನಿಂತು ಗಂಟಲು ಕಟ್ಟುವ ತನಕ ಬೈದೆ. ಆಮೇಲೆ ಮನೆಗೆ ಬಂದು ಮತ್ತೊಮ್ಮೆ ಓದಿದೆ.

ನಾನು ಏನೆಂದುಕೊಂಡಿದ್ದೆ ಗೊತ್ತೇ? ನಿನಗೆ ಅಲ್ಲೇ ಹಿಡಿಸಿದೆ, ಇಲ್ಲಿಗೆ ಬರುವ ಮನಸ್ಸಿಲ್ಲ, ಹೇಳಲು ದಾಕ್ಷಿಣ್ಯ ಅಂತ. ಬಸ್ಸಿನಿಂದ ಇಳಿದವಳು ನನ್ನಿಂದಲೇ ಇಳಿದುಹೋದಳು ಅಂತ. ಮೂರು ತಿಂಗಳು ಅದನ್ನೇ ಕಟ್ಟಿಕೊಂಡು ಓಡಾಡಿದೆ.

ಅಧ್ಯಕ್ಷರು ಕೋಣೆಗೆ ಕರೆದು ಬಾಗಿಲು ಹಾಕಿದರು. "ಆಕ್ಷೇಪಣೆ ಬರೀರಿ. ನಿಮ್ಮ ಮನೆಯವರು ಬರೆದಿದ್ದು, ಅದರ ಸಂದುಗೊಂದು ನಿಮಗೆ ಗೊತ್ತಿಲ್ವಾ? ಒಂದು ತಪ್ಪು ತೋರಿಸಿ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ." ಹುಡುಕಿದೆ. ಸುಳ್ಳು ಹೇಳುವುದಿಲ್ಲ, ಸಿಗಲಿ ಎಂದೇ ಹುಡುಕಿದೆ. ಅಂಕಿಯಲ್ಲಿ ಸಿಗಲಿಲ್ಲ. ಆಮೇಲೆ ಒಂದು ಸಂಜೆ ನಮ್ಮೂರಿನ ನಿಲ್ದಾಣದಲ್ಲಿ ಕೂತೆ. ನದಿಯಾಚೆಯ ಊರಿಗೆ ಕೊನೆಯ ಬಸ್ಸು ಹೋಯಿತು. ನಮ್ಮ ಆಫೀಸು ಆಗಿನ್ನೂ ಬಾಗಿಲು ಹಾಕಿರಲಿಲ್ಲ! ಇಷ್ಟು ವರ್ಷ ಇದೇ ಊರಿಗೆ ನಕ್ಷೆ ಬರೆದವನು ನಾನು. ಬಂದವರು ಹೇಗೆ ಹೋಗುತ್ತಾರೆ ಅಂತ ನೋಡಿರಲಿಲ್ಲ.

ಸಭೆ ನಡೆಯಿತು. ಜನ ಕಿಟಕಿಯ ತನಕ ತುಂಬಿದ್ದರು. ವರದಿ ಓದಿ ಮುಗಿಸುವ ಮೊದಲೇ ಒಬ್ಬರು ಎದ್ದರು, "ನಿಮ್ಮ ಹೆಂಡ್ತಿನೇ ನಮ್ಮೂರಿನ ಹೊಟ್ಟೆ ಮೇಲೆ ಹೊಡೆದ್ಲಲ್ಲ ಸ್ವಾಮಿ!" ನಾನು ನಿಂತೇ ಇದ್ದೆ.

"ಹೌದು, ನನ್ನ ಹೆಂಡ್ತಿನೇ ಬರೆದಿದ್ದು. ನನಗೂ ಕೇಂದ್ರ ಇಲ್ಲಿಗೇ ಬೇಕಿತ್ತು. ನಿಮ್ಮೆಲ್ಲರಿಗಿಂತ ಜಾಸ್ತಿ ಬೇಕಿತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ. ವರದಿ ಸರಿಯಾಗಿದೆ" ಅಂದೆ. ಆ "ಜಾಸ್ತಿ" ಅನ್ನುವಲ್ಲಿ ನನ್ನ ದನಿ ಕೈಕೊಟ್ಟಿತು. ಯಾಕೋ ಅದಾದ ಮೇಲೆ ಗಲಾಟೆ ಇಳಿಯಿತು.

ಆಗ ಅಕ್ಕ ಹಿಂದಿನ ಬೆಂಚಿನಿಂದ ಎದ್ದಳು. "ಜಂಕ್ಷನ್ನಿಗೆ ಹೋಗಿ ಕಲೀತೀವಿ, ಅದಕ್ಕೇನಂತೆ. ಈಗಿರೋ ಸಂಜೆ ಬಸ್ಸು ಒಂದೇ, ನಮ್ಮೆಲ್ಲರನ್ನ ಮನೆಗೆ ತಂದು ಬಿಡೋ ಬಸ್ಸು ಎಲ್ಲಿ? ಅದನ್ನ ಕೊಡ್ರಿ ಮೊದ್ಲು." ಕಾರ್ಖಾನೆಯ ಹಳೆಯ ಹೆಂಗಸರೆಲ್ಲ ಅವಳ ಜೊತೆ ಎದ್ದರು. ಬೆಳಿಗ್ಗೆ ಹೋಗಿ ಸಂಜೆ ಬರುವ ಪುರಸಭೆಯ ಬಸ್ಸಿಗೆ ನಿರ್ಣಯವಾಯಿತು. ಅಧ್ಯಕ್ಷರೇ ಮಂಡಿಸಿದರು. ಆ ಮನುಷ್ಯನಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯದೇ?

ಕಾರ್ಖಾನೆಯ ನಕ್ಷೆ ಸುತ್ತಿ ಮೇಲಿಟ್ಟಿದ್ದೇನೆ.

ನಿನ್ನವನು

(ನಾನು ಅತ್ತಿಗೆ ಬರೀತಿರೋದು. ಇವನು ಲಕೋಟೆ ಅಂಟಿಸೋಕೆ ನನ್ನ ಕೈಗೆ ಕೊಟ್ಟಿದಾನೆ. ಇವನು ಸತ್ರೂ ಹೇಳಲ್ಲ, ಅದಕ್ಕೆ ನಾನೇ ಹೇಳ್ತೀನಿ. ಜೂನ್‌ನಲ್ಲಿ ನಿಮ್ಮ ಆ ದೊಡ್ಡೂರಿನ ನಗರಪಾಲಿಕೆಯಿಂದ ಇವನಿಗೆ ಕೆಲಸಕ್ಕೆ ಕರೆ ಬಂದಿತ್ತು ಕಣಮ್ಮ. ಬೇಡ ಅಂತ ಬರೆದು ಹಾಕ್ದ. ಯಾಕೋ ಅಂದ್ರೆ, "ಅವಳೇ ಇಲ್ಲಿಗೆ ಬರ್ತಾಳೆ, ನಾನು ಅಲ್ಲಿಗೆ ಹೋದ್ರೆ ದಾರೀಲಿ ಅದಲು ಬದಲಾಗಿಬಿಡ್ತೀವಿ" ಅಂದ. ಇಬ್ರೂ ಓದಿದೋರು. ಏನು ಪ್ರಯೋಜನ!)


೧೯ ಡಿಸೆಂಬರ್

ನನ್ನವನೇ,

ನನಗೆ ಇಲ್ಲಿ ಕಾಯಂ ಕೆಲಸ ಕೊಡುತ್ತೇವೆಂದು ಅಕ್ಟೋಬರಿನಲ್ಲೇ ಹೇಳಿದ್ದರು. ನಾನು ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಹೂಂ ಎಂದರೆ ನಿನ್ನನ್ನು ಬಿಟ್ಟುಕೊಟ್ಟಂತೆ, ಊಹೂಂ ಎಂದರೆ ನನ್ನನ್ನೇ ಬಿಟ್ಟುಕೊಟ್ಟಂತೆ ಅನ್ನಿಸುತ್ತಿತ್ತು. ಅತ್ತಿಗೆ ಬರೆದದ್ದನ್ನು ಓದಿದ ಮೇಲೆ ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದೆ. ಮೊದಲನೆಯದರಲ್ಲೇ "ನೀನು ಬಂದ ಮೇಲೆ". ನನ್ನವುಗಳಲ್ಲಿ ಏನಿತ್ತು? ಊಟ, ನಿದ್ದೆ, ಬಿಸಿಲು. ಇಷ್ಟು ದಿನದಲ್ಲಿ ಒಂದು ಸಲವೂ ನಿನ್ನನ್ನು ನಾನು ಕರೆದೇ ಇಲ್ಲ. ನಿನ್ನ ಊರು, ನಿನ್ನ ಅಕ್ಕ, ನಿನ್ನ ಕೆಲಸ ಬಿಟ್ಟು ಬಾ ಎನ್ನಲು ನಾನು ಯಾರು ಎಂದುಕೊಂಡೆ.

ಹೆಂಡತಿ, ಅಲ್ಲವೇ? ಅದಕ್ಕೇ ಕೇಳುತ್ತಿದ್ದೇನೆ.

ಬಾ.


೧೫ ಜನವರಿ

ಪ್ರೀತಿಯವಳೇ,

ಉತ್ತರ ತಡವಾದದ್ದಕ್ಕೆ ಹೆದರಿದೆಯಾ? ನಗರಪಾಲಿಕೆಗೆ ಬರೆದು ಅವರ ಉತ್ತರಕ್ಕೆ ಕಾಯುತ್ತಿದ್ದೆ. ಆ ಹುದ್ದೆಗೆ ಬೇರೆಯವರು ಬಂದಾಗಿದೆಯಂತೆ. ಅಳತೆ ವಿಭಾಗದಲ್ಲಿ ಒಂದು ಜಾಗವಿದೆ, ಈಗಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅದೂ ಎರಡು ವರ್ಷಕ್ಕೆ ಮಾತ್ರ. ಒಪ್ಪಿದ್ದೇನೆ. ಮಂಡಳಿ ಕೇಂದ್ರವನ್ನು ಜಂಕ್ಷನ್ನಿಗೇ ಕೊಟ್ಟಿದೆ, ಇಲ್ಲಿ ಬಸ್ಸು ಶುರುವಾಗಿ ದಾರಿಗೆ ಬರುವವರೆಗೆ ಇರಬೇಕು. ಮಾರ್ಚ್ ಕೊನೆಗೆ ಹೊರಡುತ್ತೇನೆ.

ಅಕ್ಕನಿಗೆ ಹೇಳುವುದು ಹೇಗೆಂದು ಎರಡು ದಿನ ಸುತ್ತಿ ಬಳಸಿ ಮಾತಾಡಿದೆ. "ನೀನೊಬ್ಬಳೇ ಹೇಗೆ..." ಅಂತ ಶುರುಮಾಡಿದ್ದೇ ತಡ, ಕತ್ತರಿ ಕೆಳಗಿಟ್ಟಳು. "ನನ್ನ ಕಾಯೋಕೆ ನೀನ್ಯಾರೋ? ಹುಟ್ಟಿದಾಗಿಂದ ನಿನ್ನ ಕಾದೋಳು ನಾನು. ನಾನು ದಿನಾ ಬೆಳಿಗ್ಗೆ ಜಂಕ್ಷನ್ನಿಗೆ ಹೋಗ್ಬೇಕು, ಕಲೀಬೇಕು. ನಿನಗೆ ಬೇಯಿಸಿ ಹಾಕ್ತಾ ಕೂತ್ಕೊಳ್ಳೋಕೆ ಪುರುಸೊತ್ತಿಲ್ಲ. ಹೋಗು." ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

ಊರು ಬಿಡುವುದು ಕಷ್ಟವೇ. ಹಾಗಲ್ಲ ಎಂದು ಬರೆದರೆ ನೀನು ನಂಬುವುದೂ ಇಲ್ಲ. ಬೀದಿಯಲ್ಲಿ ನಡೆಯುವಾಗ ಯಾವ ಚರಂಡಿಗೆ ಯಾವಾಗ ಕಲ್ಲು ಹಾಸಿದೆವು ಅಂತ ಕಾಲಿಗೇ ಗೊತ್ತು. ಅಲ್ಲಿ ಯಾವುದೂ ಗೊತ್ತಿರುವುದಿಲ್ಲ. ಆದರೆ ಇಲ್ಲಿ ಎಲ್ಲ ಗೊತ್ತಿದ್ದೂ ಸಂಜೆಯಾದರೆ ಎಲ್ಲಿಗೆ ಹೋಗಬೇಕೆಂದು ತೋಚುವುದಿಲ್ಲವಲ್ಲ, ಅದಕ್ಕೇನು ಮಾಡಲಿ?

ಒಂದು ಮನೆ ನೋಡು. ಚಿಕ್ಕದಾದರೂ ಸರಿ.

ನಿನ್ನವನು


೨ ಮಾರ್ಚ್

ನನ್ನವನೇ,

ಮನೆ ಸಿಕ್ಕಿತು. ಎರಡು ಕೋಣೆ, ಕಿರಿದಾದ ಅಡುಗೆಮನೆ, ಬೀದಿಯ ಕಡೆಗೊಂದು ಕಿಟಕಿ. ಎದುರಿಗೆ ಸೈಕಲ್ ರಿಪೇರಿಯ ಅಂಗಡಿ, ಹಗಲೆಲ್ಲ ಟಣಟಣ. ಗೋಡೆಗೆ ಸುಣ್ಣ ಆಗಬೇಕು. ಸ್ನಾನದ ಮನೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಅದು ನಿನ್ನ ಪಾಲಿನ ಕೆಲಸ.

ಮನೆಯ ಯಜಮಾನರು ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಎಲ್ಲ ತೋರಿಸಿ ಮೆಟ್ಟಿಲ ಹತ್ತಿರ ಬಂದು ಕೇಳಿದರು, "ಎಷ್ಟು ಜನ ಇರ್ತೀರಮ್ಮಾ?"

ಈ ಊರಿಗೆ ಬಂದಾಗಿನಿಂದ ಹಾಸ್ಟೆಲಿನಲ್ಲಿ, ಗ್ರಂಥಾಲಯದಲ್ಲಿ, ಊಟದ ಟೇಬಲ್ಲಿನಲ್ಲಿ ಯಾರು ಕೇಳಿದರೂ ಒಬ್ಬಳೇ, ಒಬ್ಬಳೇ ಎಂದು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿತ್ತು. ಇವತ್ತೂ ಅದೇ ಬಾಯಿಗೆ ಬಂತು. ತಡೆದು, "ಇಬ್ಬರು" ಎಂದೆ. ಅವರಿಗೆ ಕೇಳಿಸಲಿಲ್ಲ. "ಹಾಂ?" ಎಂದು ಕಿವಿಗೆ ಕೈ ಇಟ್ಟುಕೊಂಡರು. "ಇಬ್ಬರು!" ಎಂದು ಕೂಗಿದೆ. ಖಾಲಿ ಮನೆ ಅಲ್ಲವೇ, ಒಳಗಿನಿಂದ ಇನ್ನೊಮ್ಮೆ ಕೇಳಿಸಿತು. ಅಷ್ಟೇ, ನನ್ನ ಕೈಲಿ ಆಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಪಾಪ, ಅವರು ಗಾಬರಿಯಾದರು. ಪಕ್ಕದಲ್ಲಿ ಬಗ್ಗಿ ಮೆತ್ತಗೆ ಹೇಳಿದರು, "ಬಾಡಿಗೆ ಜಾಸ್ತಿ ಆಯ್ತಾಮ್ಮಾ? ಅಳಬೇಡಿ. ಸ್ವಲ್ಪ ಕಡಿಮೆ ಮಾಡ್ಕೊಳ್ಳೋಣ."

ನಾನು ಬೇಡ ಎನ್ನಲಿಲ್ಲ.

ನಿನ್ನವಳು